ಒಂದು ನಂಬರ್ ದೊಡ್ಡದು

ವರ್ಷಕ್ಕ ಮೂರು ಸಾವಿರ ಜೋಡಿ ಮಾರಿದ್ದಕ್ಕ
ಕಂಪನಿಯವರು ನನಗೊಂದು ಹೊಳಿ ತೋರಿಸಿದ್ರು.
ಡ್ಯಾನ್ಯೂಬ್ ಅಂತ ಅದರ ಹೆಸರು.
ದುರ್ಗದಬೈಲಿನ ನನ್ನ ಅಂಗಡಿ ಹತ್ತು ಫೂಟು,
ಹಡಗಿನ್ಯಾಗ ಕೊಟ್ಟ ಖೋಲಿ ಅದಕ್ಕಿಂತ ಅಗಲ.
ರಾಜಕೋಟದವರು, ಕೊಯಮತ್ತೂರಿನವರು, ನಾಗಪುರದವರು,
ಎಲ್ಲಾರೂ ಕಾಲ್ಮರಿ ಮಾರಿ ಬದುಕಿದ ಮಂದಿ.
ಡೆಕ್ಕಿನ ಮ್ಯಾಲ ಮಾರಿ ನೋಡೂ ಮೊದಲು
ಒಬ್ಬರ ಕಾಲು ಒಬ್ಬರು ನೋಡಿದ್ವಿ,
ಆಮ್ಯಾಲ ಶೇಂಗಾ ಚಟ್ನಿ ಹಂಚಿಕೊಂಡ್ವಿ.

ಮೂರನೇ ದಿನದ ಚೀಟಿಯೊಳಗ ಬರೆದಿತ್ತು:
ಮುಂಜಾನೆ ನಡಿಗೆ, ಯುದ್ಧಕಾಲದ ಯಹೂದಿಯರ ಗುರುತುಗಳು.
ಮಧ್ಯಾಹ್ನ ಊಟ. ರಾತ್ರಿ ಪಿಟೀಲು.

ನಡೆಸಿಕೊಂಡು ಹೋದಾಕಿ ಯೂದಿತ್, ಎಪ್ಪತ್ತರ ಮುದುಕಿ,
ಎರಡು ಸಲ ಅಟ್ಟಿ ಬಡಿಸಿದ ಜೋಡು, ಹೊರಮಗ್ಗಲು ಸವೆದದ್ದು.
ಇಲ್ಲಿ ಬಾಗಿಲಿಗೆ ನಕ್ಷತ್ರ ಹಚ್ಚಿದ್ರು, ಅಂದಳು.
ಈ ಅಂಗಳದಾಗ ಹೂಳಾಕ ಜಾಗ ಸಾಲಲಿಲ್ಲ, ಅಂದಳು.
ಆಕಿ ಇಂಗ್ಲಿಷು ಮ್ಯಾನೇಜರನ ಹಿಂದಿ ದಾಟಿ
ನನ್ನ ಕನ್ನಡಕ್ಕ ಬರೂದರೊಳಗ
ಮಂದಿ ಮುಂದಿನ ಓಣಿಗೆ ತಿರುಗಿರ್ತಿದ್ರು.

ಕಡೀಕ ಹೊಳಿ ದಂಡಿ.
ಸಾಲಾಗಿ ಕಬ್ಬಿಣದ ಜೋಡು.
ನಾನು ಗುಡಿ ಎಲ್ಲೈತಿ ಅಂತ ಹುಡುಕಿದೆ.
ನಮ್ಮ ಕಡೆ ಜೋಡು ಹೊರಗ ಅದಾವು ಅಂದ್ರ
ಮಂದಿ ಒಳಗ ಅದಾರ ಅಂತ ಲೆಕ್ಕ.
ಸೋಮವಾರ ಸಿದ್ಧಾರೂಢ ಮಠದ ಮುಂದ
ನಿಲ್ಲಾಕ ಜಾಗ ಇರೂದಿಲ್ಲ,
ಒಂದು ತಾಸಿಗೆ ಎಲ್ಲಾ ಕಾಲೂ ತಿರುಗಿ ಬರ್ತಾವು.

ಗುಂಡು ಹಾಕೂ ಮೊದಲು ಬಿಚ್ಚಿಸಿದ್ರು, ಅಂದಳು ಯೂದಿತ್.
ಯಾಕ, ಅಂದ ನಾಗಪುರದಾವ.
ಆಗ ತೊಗಲಿಗೆ ರೇಟಿತ್ತು.
ನಲವತ್ತು ಮಂದಿ ವ್ಯಾಪಾರಸ್ಥರು ನಾವು.
ಎಷ್ಟು ಅಂತ ಒಬ್ಬರೂ ಕೇಳಲಿಲ್ಲ.

ಕಣ್ಣು ಮಾತ್ರ ತನ್ನ ಕೆಲಸ ಬಿಡಲಿಲ್ಲ.
ಇದು ಎಂಟು ನಂಬರ್. ಇದು ಹೆಂಗಸಿನದು, ಬಕ್ಕಲ್ ಹೋಗೇತಿ.
ಈತ ಎಡಗಾಲಿನ ಮ್ಯಾಲ ಭಾರ ಹಾಕಿ ನಡೀತಿದ್ದ.
ಅಂಚಿನ್ಯಾಗ ಒಂದು ಕೂಸಿನ ಜೋಡಿ.
ಅಂಗಡ್ಯಾಗ ಕೂತಂಗ ಕುಕ್ಕರಗಾಲಿಲೆ ಕೂತು
ತುದಿಗೆ ಹೆಬ್ಬೆರಳು ಒತ್ತಿದೆ.
ಕಬ್ಬಿಣ. ಬಗ್ಗಲಿಲ್ಲ.
ಒಳಗ ಬೆರಳು ಹಾಕಿದೆ, ಮಳಿನೀರು.
ಮೂರ್ತಿ ಮಾಡಿದಾವ ಯಾರ ಕಾಲು ನೋಡಿದ್ದನೋ, ನನಗೇನು ಗೊತ್ತು.
ಆದ್ರ ಯಾವುದೋ ಅಂಗಡ್ಯಾಗ ಯಾರೋ ಒಬ್ಬಾಕಿ ತಾಯಿ
ಅಂದಿರಬೇಕು: ಒಂದು ನಂಬರ್ ದೊಡ್ಡದ ಕೊಡ್ರಿ,
ಬೆಳಿಯೋ ಕಾಲು.

ನಮ್ಮಜ್ಜ ಪರಸಪ್ಪ, ಯುದ್ಧ ಮುಗಿದ ವರ್ಷ,
ಲಿಲಾವಿನ್ಯಾಗ ಮೂರು ಚೀಲ ಮಿಲಿಟರಿ ಬೂಟು ಹಿಡಿದಿದ್ದ.
ಅದ ನಮ್ಮ ಅಂಗಡಿ ಬಂಡವಾಳ.
ಒಂದು ಬೂಟಿನ ತುದಿಯೊಳಗ ಪೇಪರ್ ತುರುಕಿತ್ತಂತ,
ಯಾವ ದೇಶದ ಅಕ್ಷರವೋ.
ಅಜ್ಜ ಅದರಿಂದ ಬೀಡಿ ಹಚ್ಚಿದ.
ಈ ಮಾತು ಹೇಳಿ ಅಪ್ಪ ನಗ್ತಿದ್ದ, ನಾವೂ ನಗ್ತಿದ್ವಿ.
ಆ ರಾತ್ರಿ ಹಡಗಿನ್ಯಾಗ ಪಿಟೀಲು ಏರಿ ಇಳಿಯುವಾಗ
ನನಗ ಆ ಪೇಪರಿನ ಹೊಗಿ ಬಡೀತು.

ಈಗ ಜೂನ್. ಸಾಲಿ ಬೂಟಿನ ಸುಗ್ಗಿ.
ದುರ್ಗದಬೈಲಿನ್ಯಾಗ ಮಿರ್ಚಿ ಕರಿಯೂ ಎಣ್ಣಿ ವಾಸನಿ,
ಕಾಲಿಗೆ ಕಾಲು ತಾಕ್ತಾವು.
ಕೇಶ್ವಾಪುರದಾಕಿ ಒಬ್ಬಾಕಿ ಮಗಳನ್ನ ಸ್ಟೂಲಿನ ಮ್ಯಾಲ ಕೂಡ್ರಿಸಿ
ಅದ ಮಾತು ಅಂದಳು. ಒಂದು ನಂಬರ್ ದೊಡ್ಡದ.
ಎರಡು ವರ್ಷ ಬರ್ತಾವಲ್ರೀ?
ಮೂವತ್ತು ವರ್ಷ ಇದಕ್ಕ ಒಂದ ಉತ್ತರ ಕೊಟ್ಟೇನಿ,
ಗ್ಯಾರಂಟಿ ಅಕ್ಕಾರ.
ನಾಲಗಿ ತುದಿಗೆ ಬಂದು ಅಲ್ಲೇ ನಿಂತಿತು.

ಹುಡುಗಿ ಎದ್ದು ಟಪ್ಪ ಟಪ್ಪ ಅಂಗಡಿ ತುಂಬ ನಡದಳು,
ಹಿಮ್ಮಡಿ ಜಾರ್ತಿತ್ತು.
ನಿನ್ನಿನ ಪೇಪರ್ ತಗೊಂಡೆ, ತುದಿಗೆ ತುರುಕಾಕ.
ಹರಿಯೂ ಮೊದಲು
ಆ ಪುಟದಾಗ ಏನೈತಿ ಅಂತ
ನಿಂತು ಓದಿದೆ.